ನೆರಳು ಹಿಡಿಯುವವರು

ಮಕ್ಕಳೇ, ನಿಮ್ಮ ತರಗತಿಯಲ್ಲಿ ಒಮ್ಮೆಯಾದರೂ ಎಕ್ಸ್-ರೇ ತೆಗೆಸಿಕೊಂಡವರು ಎಷ್ಟು ಮಂದಿ ಇದ್ದೀರಿ? ಕೈ ಎತ್ತಿ ನೋಡೋಣ. ಮರದಿಂದ ಬಿದ್ದವರು, ಸೈಕಲ್ಲಿನಿಂದ ಬಿದ್ದವರು, ಕೆಮ್ಮು ವಾಸಿಯಾಗದೆ ಎದೆಯ ಚಿತ್ರ ತೆಗೆಸಿಕೊಂಡವರು ಎಲ್ಲ ಸೇರಿ ಮೂರು ನಾಲ್ಕು ಕೈಗಳಾದರೂ ಮೇಲೆ ಬಂದೇ ಬರುತ್ತವೆ. ಈಗ ಇನ್ನೊಂದು ಪ್ರಶ್ನೆ. ನಿಮಗೆ ಔಷಧಿ ಬರೆದುಕೊಟ್ಟ ಡಾಕ್ಟರ ಮುಖ ನೆನಪಿದೆಯೇ? ಇದೆ. ಚುಚ್ಚುಮದ್ದು ಕೊಟ್ಟ ಸಿಸ್ಟರ್ ಮುಖವಂತೂ ಮರೆಯುವ ಮಾತೇ ಇಲ್ಲ! ಆದರೆ ಆ ಚಿತ್ರ ತೆಗೆದವರು ಯಾರು? ಅವರ ಮುಖ ನೆನಪಿದೆಯೇ? ಹೆಚ್ಚಿನವರಿಗೆ ನೆನಪಿರುವುದು ಒಂದು ಮಬ್ಬು ಕೋಣೆ, ತಣ್ಣನೆಯ ಮೇಜು, 'ಅಲ್ಲಾಡಬೇಡ' ಎಂಬ ಒಂದು ದನಿ, ಅಷ್ಟೇ. ಆ ದನಿಯವರ ಕೆಲಸ ಏನು, ಅದರ ಹಿಂದೆ ಯಾವ ವಿಜ್ಞಾನವಿದೆ ಎಂಬುದನ್ನು ಇಂದು ತಿಳಿಯೋಣ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಗೆ ವಿಜ್ಞಾನ ಪ್ರಯೋಗ ತೋರಿಸಲು ಹೋಗಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಖೋ ಖೋ ಆಡುತ್ತಿದ್ದ ಆರನೇ ತರಗತಿಯ ಹುಡುಗಿಯೊಬ್ಬಳು ಕೈ ಊರಿ ಬಿದ್ದಳು. ಮಣಿಕಟ್ಟಿನ ಮೇಲೆ ಊತ. ಮುಖ್ಯ ಶಿಕ್ಷಕರೂ ನಾನೂ ಅವಳನ್ನು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ನೋಡಿ ಎಕ್ಸ್-ರೇ ಚೀಟಿ ಬರೆದರು. ಎಕ್ಸ್-ರೇ ಕೋಣೆಯಲ್ಲಿದ್ದವರು ವಯಸ್ಸಾದ ಟೆಕ್ನಿಷಿಯನ್. ಮೊದಲು ಅವರು ಮಾಡಿದ್ದು ಅವಳ ಪಕ್ಕ ಕುಳಿತುಕೊಂಡದ್ದು. "ನೋವಾಗ್ತಿದೆಯಾ ಪುಟ್ಟಿ? ಬಳೆ ತೆಗೀಬೇಕಲ್ಲ, ನಿಧಾನಕ್ಕೆ ತೆಗೆಯೋಣ" ಎಂದು ಸೋಪಿನ ನೀರು ಹಚ್ಚಿ ಒಂದೊಂದೇ ಬಳೆ ಜಾರಿಸಿದರು. ಆಮೇಲೆ ಅಂಗೈ ಕೆಳಗೆ ಮಾಡಿ ಕೈಯನ್ನು ಕ್ಯಾಸೆಟ್ಟಿನ ಮೇಲೆ ಇಡಿಸಿ ಒಂದು ಚಿತ್ರ ತೆಗೆದರು. ಮತ್ತೆ ಬಂದು ಕೈಯನ್ನು ಅಡ್ಡಕ್ಕೆ ತಿರುಗಿಸಲು ಶುರು ಮಾಡಿದಾಗ ಅವಳು ಅಳತೊಡಗಿದಳು.

ನನಗೆ ಸಂಕಟವಾಯಿತು. "ಒಂದು ಚಿತ್ರ ಸಾಕಲ್ಲವಾ ಸಾರ್? ಯಾಕೆ ಮತ್ತೆ ನೋಯಿಸ್ತೀರಿ?" ಎಂದುಬಿಟ್ಟೆ.

ಅವರು ಕೋಪಿಸಿಕೊಳ್ಳಲಿಲ್ಲ. "ಮೇಷ್ಟ್ರೇ, ಇದು ನೆರಳು. ನೆರಳನ್ನ ಒಂದೇ ಕಡೆಯಿಂದ ನೋಡಿದ್ರೆ ನಂಬಕ್ಕಾಗಲ್ಲ" ಎಂದರು.

ನಾನು ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವನು. ನೆರಳಿನ ಪಾಠವನ್ನು ಎಷ್ಟು ವರ್ಷ ಮಾಡಿದ್ದೇನೋ ಲೆಕ್ಕವಿಲ್ಲ. ಬಾಯಿ ಮುಚ್ಚಿಕೊಂಡೆ.

ಸ್ವಲ್ಪ ಹೊತ್ತಿನ ನಂತರ ವೈದ್ಯರು ಎರಡೂ ಚಿತ್ರಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದರು. ಮೊದಲನೆಯದರಲ್ಲಿ ಮೂಳೆ ನೆಟ್ಟಗೆ, ಏನೂ ಆಗಿಲ್ಲವೆಂಬಂತೆ ಕಾಣುತ್ತಿತ್ತು. ಅಡ್ಡಕ್ಕೆ ತೆಗೆದ ಎರಡನೆಯದರಲ್ಲಿ ಮೂಳೆಯ ಒಂದು ಅಂಚು ಮುರಿದು ಬಾಗಿರುವುದು ಸ್ಪಷ್ಟವಾಗಿತ್ತು. ಒಣಗಿದ ಕಡ್ಡಿಯನ್ನು ಬಗ್ಗಿಸಿದರೆ ಲಟಕ್ಕನೆ ಎರಡು ತುಂಡಾಗುತ್ತದೆ, ಹಸಿ ಕಡ್ಡಿ ಒಂದು ಕಡೆ ಸೀಳಿ ಇನ್ನೊಂದು ಕಡೆ ಬಾಗುತ್ತದೆ ಅಲ್ಲವೇ? ಬೆಳೆಯುವ ಮಕ್ಕಳ ಮೂಳೆ ಹಸಿ ಕಡ್ಡಿಯ ಹಾಗೆ. ಅದು ಪೂರ್ತಿ ಮುರಿಯದೆ ಬಾಗುವುದುಂಟು. ಮೊದಲ ಚಿತ್ರವೊಂದನ್ನೇ ನಂಬಿದ್ದರೆ ಆ ಹುಡುಗಿಯನ್ನು ಉಳುಕು ಎಂದು ಮನೆಗೆ ಕಳಿಸಿಬಿಡುವ ಸಾಧ್ಯತೆ ಇತ್ತು.

ಲೋಟದ ನೆರಳು

ಟೆಕ್ನಿಷಿಯನ್ ಹೇಳಿದ ಮಾತನ್ನು ನೀವೇ ಪರೀಕ್ಷಿಸಬಹುದು. ಒಂದು ಉದ್ದನೆಯ ಸ್ಟೀಲ್ ಲೋಟ, ಒಂದು ಟಾರ್ಚ್, ಒಂದು ಬಿಳಿ ಗೋಡೆ ಸಾಕು. ಕೋಣೆ ಕತ್ತಲಾಗಿರಲಿ. ಲೋಟದ ತಳವನ್ನು ಟಾರ್ಚಿನ ಕಡೆ ಮಾಡಿ ಹಿಡಿಯಿರಿ. ಗೋಡೆಯ ಮೇಲೆ ದುಂಡನೆಯ ನೆರಳು. ಈಗ ಲೋಟವನ್ನು ಅಡ್ಡ ತಿರುಗಿಸಿ. ಆಯತದಂಥ ನೆರಳು! ಒಂದು ರೂಪಾಯಿ ನಾಣ್ಯವನ್ನೂ ಹಿಡಿದು ನೋಡಿ. ಒಂದು ಕಡೆಯಿಂದ ಅದು ಪೂರ್ಣ ಚಂದ್ರ, ಇನ್ನೊಂದು ಕಡೆಯಿಂದ ಬರೀ ಒಂದು ಗೆರೆ. ದುಂಡು ನೆರಳನ್ನು ಮಾತ್ರ ನೋಡಿದವನಿಗೆ ಅದು ಲೋಟವೋ, ನಾಣ್ಯವೋ, ಚೆಂಡೋ ಹೇಳಲಾಗದು. ಮೂರು ಆಯಾಮದ ವಸ್ತುವನ್ನು ನೆರಳು ಎರಡು ಆಯಾಮಕ್ಕೆ ಚಪ್ಪಟೆ ಮಾಡಿಬಿಡುತ್ತದೆ. ಅದಕ್ಕಾಗಿಯೇ ಮುರಿದ ಕೈಕಾಲುಗಳಿಗೆ ಕಡಿಮೆಯೆಂದರೆ ಎರಡು ದಿಕ್ಕಿನ ಚಿತ್ರ ತೆಗೆಯುವುದು ವಾಡಿಕೆ.

ಟಾರ್ಚನ್ನು ಇನ್ನೂ ಆರಿಸಬೇಡಿ. ಈಗ ನಿಮ್ಮ ಅಂಗೈಯನ್ನು ಗೋಡೆಗೆ ಬಹಳ ಹತ್ತಿರ ಹಿಡಿಯಿರಿ. ನೆರಳು ಅಂಗೈಯಷ್ಟೇ ದೊಡ್ಡದು, ಅಂಚು ಚೂಪು. ಕೈಯನ್ನು ನಿಧಾನವಾಗಿ ಟಾರ್ಚಿನ ಕಡೆಗೆ ತನ್ನಿ. ನೆರಳು ರಾಕ್ಷಸನ ಕೈಯಂತೆ ಊದಿಕೊಳ್ಳುತ್ತದೆ, ಅಂಚು ಮಸುಕಾಗುತ್ತದೆ. ಇನ್ನು ಕೈಯನ್ನು ಅಲ್ಲಾಡಿಸಿ ನೋಡಿ, ಬೆರಳುಗಳ ಗುರುತೇ ಸಿಗುವುದಿಲ್ಲ.

ಈ ಮೂರು ಸಂಗತಿ ತಿಳಿದಿದ್ದರೆ ಎಕ್ಸ್-ರೇ ಕೋಣೆಯಲ್ಲಿ ಟೆಕ್ನಿಷಿಯನ್ ಹೇಳುವ ವಿಚಿತ್ರವೆನಿಸುವ ಮಾತುಗಳೆಲ್ಲ ಅರ್ಥವಾಗುತ್ತವೆ. ಎದೆಯ ಎಕ್ಸ್-ರೇ ತೆಗೆಸಿಕೊಂಡವರು ನೆನಪು ಮಾಡಿಕೊಳ್ಳಿ. "ಎದೆಯನ್ನ ಫಲಕಕ್ಕೆ ಒತ್ತಿ ನಿಲ್ಲು" ಎನ್ನುತ್ತಾರೆ. ಯಂತ್ರ ನಿಮ್ಮ ಬೆನ್ನ ಹಿಂದೆ, ಸುಮಾರು ಆರು ಅಡಿ ದೂರದಲ್ಲಿರುತ್ತದೆ. ಮುಖ ಯಂತ್ರದ ಕಡೆ ಏಕಿರಬಾರದು? ನಮ್ಮ ಹೃದಯ ಎದೆಗೂಡಿನಲ್ಲಿ ಬೆನ್ನಿಗಿಂತ ಮುಂಭಾಗಕ್ಕೆ ಹತ್ತಿರವಿದೆ. ಎದೆಯನ್ನು ಫಲಕಕ್ಕೆ ಒತ್ತಿದರೆ ಹೃದಯವೂ ಫಲಕದ ಹತ್ತಿರ ಬರುತ್ತದೆ, ಗೋಡೆಗೆ ಹತ್ತಿರ ಹಿಡಿದ ಅಂಗೈಯಂತೆ. ಆಗ ಅದರ ನೆರಳು ಹೆಚ್ಚು ದೊಡ್ಡದಾಗುವುದಿಲ್ಲ. ತಿರುಗಿ ನಿಂತರೆ ಸಾಮಾನ್ಯ ಹೃದಯವೇ ಊದಿಕೊಂಡ ಹೃದಯದಂತೆ ಕಂಡು ವೈದ್ಯರಿಗೆ ಸಂದೇಹ ಬಂದೀತು!

"ಭುಜ ಎರಡನ್ನೂ ಮುಂದಕ್ಕೆ ತಾ" ಎನ್ನುತ್ತಾರೆ. ಬೆನ್ನಿನ ಮೇಲ್ಭಾಗದಲ್ಲಿ ಎರಡು ಅಗಲವಾದ ಮೂಳೆಗಳಿವೆ, ತ್ರಿಕೋನದ ಹಲಗೆಗಳ ಹಾಗೆ. ಭುಜ ಮುಂದೆ ಬಂದರೆ ಅವು ಪಕ್ಕಕ್ಕೆ ಸರಿಯುತ್ತವೆ, ಅವುಗಳ ನೆರಳು ಶ್ವಾಸಕೋಶದ ಮೇಲೆ ಬೀಳುವುದಿಲ್ಲ. "ಉಸಿರು ಜೋರಾಗಿ ಎಳ್ಕೋ" ಎನ್ನುತ್ತಾರೆ. ಉಸಿರು ಒಳಗೆಳೆದಾಗ ವಪೆ ಕೆಳಗಿಳಿದು ಶ್ವಾಸಕೋಶ ಗಾಳಿಯಿಂದ ತುಂಬಿ ಹರಡಿಕೊಳ್ಳುತ್ತದೆ. ಮಡಚಿದ ಛತ್ರಿಯಲ್ಲಿ ತೂತು ಹುಡುಕುವುದು ಸುಲಭವೋ, ಬಿಚ್ಚಿದ ಛತ್ರಿಯಲ್ಲಿ ಸುಲಭವೋ? ಕೊನೆಗೆ "ಹಾಗೇ ಹಿಡ್ಕೋ, ಅಲ್ಲಾಡಬೇಡ!" ಎನ್ನುತ್ತಾರೆ. ಇದಕ್ಕೆ ಕಾರಣವನ್ನು ನಿಮ್ಮ ಅಲ್ಲಾಡುವ ಬೆರಳುಗಳೇ ಗೋಡೆಯ ಮೇಲೆ ಹೇಳಿವೆ.

ಈ ನಾಲ್ಕು ಮಾತುಗಳನ್ನು ಅವರು ದಿನಕ್ಕೆ ಎಷ್ಟೋ ಸಲ ಹೇಳಬೇಕು. ಕಿವಿ ಕೇಳಿಸದ ಅಜ್ಜನಿಗೆ, ಚೀರಾಡುವ ಕೂಸಿಗೆ, ನೆಟ್ಟಗೆ ನಿಲ್ಲಲಾಗದ ಗಾಯಾಳುವಿಗೆ ಹೇಳಬೇಕು. ಚಿತ್ರ ಸರಿ ಬರದಿದ್ದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಮತ್ತೊಮ್ಮೆ ಎಂದರೆ ರೋಗಿಯ ಮೈಮೇಲೆ ಮತ್ತೊಂದಿಷ್ಟು ಕಿರಣ. ಒಂದೇ ಸಲಕ್ಕೆ, ಆದಷ್ಟು ಕಡಿಮೆ ಕಿರಣದಲ್ಲಿ, ವೈದ್ಯರಿಗೆ ಬೇಕಾದದ್ದು ಕಾಣುವಂತೆ ನೆರಳು ಹಿಡಿಯುವುದೇ ಅವರ ವಿದ್ಯೆ.

ನೆರಳು ಬಿಳಿ ಏಕೆ?

"ಸಾರ್, ನೆರಳು ಕಪ್ಪಲ್ಲವೇ? ಎಕ್ಸ್-ರೇಯಲ್ಲಿ ಮೂಳೆ ಬಿಳಿಯಾಗಿದೆ!" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಎಕ್ಸ್-ಕಿರಣ ತಾಗಿದ ಕಡೆ ಫಿಲ್ಮ್ ಕಪ್ಪಾಗುತ್ತದೆ. ಮೂಳೆ ಕಿರಣವನ್ನು ತಡೆದ ಕಡೆ ಫಿಲ್ಮ್ ಹಾಗೇ ಉಳಿದು ಬಿಳಿಯಾಗಿ ಕಾಣುತ್ತದೆ. ಅಂದರೆ ಅದು ತಿರುವುಮುರುವಾದ ನೆರಳು. ಈಗ ಬಹಳ ಕಡೆ ಫಿಲ್ಮಿನ ಬದಲು ಡಿಜಿಟಲ್ ಫಲಕಗಳು ಬಂದಿವೆ, ಚಿತ್ರ ಕಂಪ್ಯೂಟರ್ ಪರದೆಯ ಮೇಲೆ ಮೂಡುತ್ತದೆ. ಆದರೂ ಮೂಳೆಯನ್ನು ಬಿಳಿಯಾಗಿ ತೋರಿಸುವ ರೂಢಿ ಉಳಿದುಕೊಂಡಿದೆ.

ಮಾಂಸ ತಡೆಯದ ಕಿರಣವನ್ನು ಮೂಳೆ ಏಕೆ ತಡೆಯುತ್ತದೆ? ನಿಮ್ಮ ಶಾಲೆಯಲ್ಲಿ ಧಾತುಗಳ ಕೋಷ್ಟಕ ಇದ್ದರೆ ಶಿಕ್ಷಕರ ಸಹಾಯದಿಂದ ನೋಡಿ. ಚರ್ಮ, ಮಾಂಸಗಳಲ್ಲಿ ಹೆಚ್ಚಾಗಿರುವುದು ಹೈಡ್ರೋಜನ್, ಇಂಗಾಲ, ಆಮ್ಲಜನಕ. ಇವುಗಳ ಪರಮಾಣು ಸಂಖ್ಯೆ 1, 6, 8. ಮೂಳೆಯಲ್ಲಿ ಕ್ಯಾಲ್ಸಿಯಂ ಇದೆ, ಅದರ ಸಂಖ್ಯೆ 20. ಪರಮಾಣು ಸಂಖ್ಯೆ ಹೆಚ್ಚಿದಂತೆ ಕಿರಣವನ್ನು ಹೀರುವ ಶಕ್ತಿ ಬಹಳ ಬೇಗ ಏರುತ್ತದೆ. ಸೀಸದ ಸಂಖ್ಯೆ 82, ಅದಕ್ಕೇ ಎಕ್ಸ್-ರೇ ಕೋಣೆಯ ಏಪ್ರನ್ನು, ಪರದೆಗಳಲ್ಲಿ ಸೀಸ ಇರುತ್ತದೆ. (ನೀವು ಬರೆಯುವ ಸೀಸದ ಕಡ್ಡಿಯಲ್ಲಿ ಮಾತ್ರ ಸೀಸ ಇಲ್ಲ! ಅದು ಗ್ರಾಫೈಟ್, ಅಂದರೆ ಇಂಗಾಲ. ಹೆಸರು ಹಾಗೇ ಉಳಿದಿದೆ.)

ನಿಮ್ಮ ವಯಸ್ಸಿನವರ ಕೈಯ ಎಕ್ಸ್-ರೇಯಲ್ಲಿ ಇನ್ನೊಂದು ಮೋಜಿದೆ. ಉದ್ದ ಮೂಳೆಗಳ ತುದಿ ಬೇರೆಯಾಗಿ, ನಡುವೆ ಸಂದು ಬಿಟ್ಟಂತೆ ಕಾಣುತ್ತದೆ. ಅದು ಮುರಿತವಲ್ಲ. ಮೂಳೆ ಉದ್ದ ಬೆಳೆಯುವ ಜಾಗ ಅದೇ. ಅಲ್ಲಿರುವ ಮೃದ್ವಸ್ಥಿಯಲ್ಲಿ ಇನ್ನೂ ಕ್ಯಾಲ್ಸಿಯಂ ತುಂಬಿಲ್ಲವಾದ್ದರಿಂದ ಕಿರಣ ಹಾದುಹೋಗುತ್ತದೆ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಆಗತಾನೆ ಹುಟ್ಟಿದ ಕೂಸಿನ ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಒಂದೂ ಕಾಣುವುದಿಲ್ಲ! ವರ್ಷ ಕಳೆದಂತೆ ಒಂದೊಂದಾಗಿ ಮೂಡುತ್ತಾ ಹೋಗುತ್ತವೆ.

'ಕ್ಷ' ಎಂದರೆ ಗೊತ್ತಿಲ್ಲದ್ದು

1895ರ ನವೆಂಬರ್ 8. ಜರ್ಮನಿಯ ವುರ್ಟ್ಸ್‌ಬುರ್ಗ್ ಊರಿನ ವಿಶ್ವವಿದ್ಯಾಲಯದಲ್ಲಿ ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್ ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹಾಯಿಸುತ್ತಿದ್ದರು. ಕೊಳವೆಗೆ ಕಪ್ಪು ರಟ್ಟು ಸುತ್ತಿತ್ತು, ಕೋಣೆ ಕತ್ತಲು. ಆದರೂ ದೂರದಲ್ಲಿದ್ದ, ರಾಸಾಯನಿಕ ಲೇಪಿಸಿದ ಒಂದು ಹಾಳೆ ಮಿನುಗತೊಡಗಿತು. ರಟ್ಟನ್ನೂ ದಾಟಿ ಬರುತ್ತಿರುವ ಈ ಕಿರಣ ಯಾವುದು? ಗೊತ್ತಿಲ್ಲದ್ದರಿಂದ 'ಎಕ್ಸ್' ಎಂದು ಕರೆದರು. ಬೀಜಗಣಿತದಲ್ಲಿ ಎಕ್ಸ್‌ಗೆ ನಮ್ಮ ಹಳೆಯ ಕನ್ನಡ ಪಠ್ಯಗಳು 'ಕ್ಷ' ಎಂದು ಬರೆಯುತ್ತಿದ್ದವು. ಹಾಗಾಗಿ ನಮ್ಮಲ್ಲಿ ಅದು ಕ್ಷ-ಕಿರಣವಾಯಿತು. ಡಿಸೆಂಬರ್ 22ರಂದು ರಾಂಟ್ಜೆನ್ ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದರು. ಬೆರಳ ಮೂಳೆಗಳೂ ಅದರ ಮೇಲೆ ಉಂಗುರವೂ ಮೂಡಿದವು. ಆಕೆ ಸುಮಾರು ಕಾಲು ಗಂಟೆ ಕೈ ಅಲ್ಲಾಡಿಸದೆ ಇಡಬೇಕಾಯಿತು. ಇಂದು ಅದೇ ಚಿತ್ರಕ್ಕೆ ಸೆಕೆಂಡಿನ ಸಣ್ಣ ಭಾಗ ಸಾಕು. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಹುಮಾನ ಅವರಿಗೆ ಬಂತು. ಈ ಆವಿಷ್ಕಾರಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಉಪಯೋಗಿಸಲಿ ಎಂದು ಬಿಟ್ಟರು.

ಎಲ್ಲರೂ ಉಪಯೋಗಿಸಿದರು. ಅಪಾಯ ತಿಳಿಯದೆ ಉಪಯೋಗಿಸಿದರು. ಈ ಭಾಗವನ್ನು ನಮ್ಮ ಪುಸ್ತಕಗಳು ಬೇಗ ದಾಟಿಬಿಡುತ್ತವೆ.

ಅಮೆರಿಕದಲ್ಲಿ ಥಾಮಸ್ ಎಡಿಸನ್‌ರ ಪ್ರಯೋಗಾಲಯದಲ್ಲಿ ಕ್ಲಾರೆನ್ಸ್ ಡ್ಯಾಲಿ ಎಂಬ ಸಹಾಯಕರಿದ್ದರು. ಕೊಳವೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅವರು ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದರು. ಮೊದಲು ಚರ್ಮ ಸುಟ್ಟಿತು, ಹುಣ್ಣಾಯಿತು, ಕ್ಯಾನ್ಸರ್ ಆಯಿತು. ಎರಡೂ ಕೈಗಳನ್ನು ಕತ್ತರಿಸಿದರೂ ಅವರು ಉಳಿಯಲಿಲ್ಲ. 1904ರಲ್ಲಿ, 39ನೇ ವಯಸ್ಸಿನಲ್ಲಿ ತೀರಿಕೊಂಡರು. ಎಡಿಸನ್ ಆ ಸಂಶೋಧನೆಯನ್ನೇ ಕೈಬಿಟ್ಟರು. ಡ್ಯಾಲಿಯಂಥವರು ಒಬ್ಬಿಬ್ಬರಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಅಂಗಳದಲ್ಲಿ 1936ರಲ್ಲಿ ಒಂದು ಸ್ಮಾರಕ ಕಂಬ ನೆಟ್ಟರು. ಕ್ಷ-ಕಿರಣ ಮತ್ತು ರೇಡಿಯಂ ಕೆಲಸದಿಂದ ಪ್ರಾಣ ಕಳೆದುಕೊಂಡ 15 ದೇಶಗಳ 169 ಮಂದಿಯ ಹೆಸರು ಅದರಲ್ಲಿತ್ತು. 1959ರ ಹೊತ್ತಿಗೆ ಹೆಸರುಗಳು 359 ಆದವು. ವೈದ್ಯರು, ವಿಜ್ಞಾನಿಗಳು, ದಾದಿಯರು, ಚಿತ್ರ ತೆಗೆಯುವ ತಂತ್ರಜ್ಞರು ಎಲ್ಲರೂ ಅದರಲ್ಲಿದ್ದಾರೆ.

ಮೇರಿ ಕ್ಯೂರಿ ಹೆಸರು ಕೇಳಿದ್ದೀರಿ. 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾದಾಗ ಗಾಯಗೊಂಡ ಸೈನಿಕರ ಮೈಯಲ್ಲಿ ಗುಂಡು ಎಲ್ಲಿದೆಯೆಂದು ತಿಳಿಯದೆ ಶಸ್ತ್ರಚಿಕಿತ್ಸಕರು ತಡಕಾಡುತ್ತಿದ್ದರು. ಎಕ್ಸ್-ರೇ ಯಂತ್ರಗಳಿದ್ದದ್ದು ದೂರದ ನಗರಗಳಲ್ಲಿ. ಕ್ಯೂರಿ ಮೋಟಾರು ಗಾಡಿಗಳಲ್ಲಿ ಯಂತ್ರ ಕೂರಿಸಿ ರಣರಂಗದ ಹತ್ತಿರದ ಆಸ್ಪತ್ರೆಗಳಿಗೆ ಕೊಂಡೊಯ್ದರು. ತಾವೇ ಗಾಡಿ ಓಡಿಸಲು ಕಲಿತರು. ಮಗಳು ಐರೀನ್‌ಗೆ ಆಗಿನ್ನೂ 17 ವರ್ಷ, ಅವಳೂ ಜೊತೆಗಿದ್ದಳು. ಆದರೆ ಗಾಡಿ ಇದ್ದರೆ ಸಾಲದು, ಯಂತ್ರ ನಡೆಸುವವರು ಬೇಕಲ್ಲ? ಸುಮಾರು 150 ಮಂದಿ ಮಹಿಳೆಯರಿಗೆ ತರಬೇತಿ ಕೊಟ್ಟು ಕಳಿಸಿದರು. ಎರಡು ನೊಬೆಲ್ ಬಹುಮಾನ ಪಡೆದವರು ಈ ಕೆಲಸವನ್ನು ಸಣ್ಣದೆಂದು ಎಣಿಸಲಿಲ್ಲ.

ಎದೆಯ ಮೇಲಿನ ಬಿಲ್ಲೆ

ಮತ್ತೆ ನಮ್ಮ ಆಸ್ಪತ್ರೆಗೆ ಬರೋಣ. ಚಿತ್ರ ತೆಗೆಯುವ ಮುನ್ನ ಆ ಟೆಕ್ನಿಷಿಯನ್ ನಮ್ಮಿಬ್ಬರನ್ನೂ ಹೊರಗೆ ಕಳಿಸಿದ್ದರು. ತಾವು ಸೀಸದ ಗಾಜಿನ ಪರದೆಯ ಹಿಂದೆ ಹೋಗಿ ನಿಂತಿದ್ದರು. ಅವರ ಅಂಗಿಯ ಮೇಲೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಬ್ಯಾಡ್ಜ್ ಇತ್ತು. ಏನದು ಎಂದು ಕೇಳಿದಾಗ, "ನಿಮಗೆ ಇವತ್ತೊಂದೇ ದಿನ ಮೇಷ್ಟ್ರೇ, ನನಗೆ ದಿನಾ ಇದೇ ಕೆಲಸ. ಲೆಕ್ಕ ಇಡಬೇಕಲ್ಲ" ಎಂದು ನಕ್ಕರು.

ಅದನ್ನು ಟಿ.ಎಲ್.ಡಿ. ಬ್ಯಾಡ್ಜ್ ಎನ್ನುತ್ತಾರೆ. ಅದರೊಳಗಿನ ಬಿಲ್ಲೆಗಳಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಆಧಾರದ ಒಂದು ಪದಾರ್ಥವಿದೆ. ಮೈಗೆ ತಾಗುವ ವಿಕಿರಣ ಅದಕ್ಕೂ ತಾಗುತ್ತದೆ, ಅದು ಆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಬಿಲ್ಲೆಯನ್ನು ಪ್ರಯೋಗಾಲಯದಲ್ಲಿ ಬಿಸಿ ಮಾಡಿದಾಗ ಹಿಡಿದಿಟ್ಟ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಬೆಳಕು ಹೆಚ್ಚಿದ್ದರೆ ವಿಕಿರಣ ಹೆಚ್ಚು ತಾಗಿದೆ ಎಂದರ್ಥ. ನಮ್ಮ ದೇಶದಲ್ಲಿ ಈ ಬ್ಯಾಡ್ಜನ್ನು ರೂಪಿಸಿದ್ದು ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದೆಂಬ ಮಿತಿ ಇದೆ.

ಹಾಗಾದರೆ ಎಕ್ಸ್-ರೇಗೆ ನೀವು ಹೆದರಬೇಕೇ? ಬೇಡ. ನೆಲ, ಗಾಳಿ, ಆಕಾಶಗಳಿಂದ ನಮಗೆಲ್ಲ ಸ್ವಾಭಾವಿಕವಾಗಿಯೇ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತದೆ. ಒಂದು ಎದೆಯ ಎಕ್ಸ್-ರೇಯಲ್ಲಿ ತಾಗುವುದು ಸಾಮಾನ್ಯವಾಗಿ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ವೈದ್ಯರು ಬೇಕೆಂದಾಗ ತೆಗೆಸಿಕೊಳ್ಳಲು ಅಂಜಬೇಕಿಲ್ಲ. ಬೇಡವೆಂದಾಗ "ಒಂದು ಎಕ್ಸ್-ರೇ ತೆಗೀರಿ ಸಾರ್" ಎಂದು ಹಟ ಹಿಡಿಯುವುದೂ ಬೇಕಿಲ್ಲ. ದೊಡ್ಡವರಲ್ಲಿ ಈ ಹಟ ಹೆಚ್ಚು, ಮನೆಯಲ್ಲಿ ಹೇಳಿ.

ಬೇರೆ ಕಣ್ಣುಗಳು

ಕ್ಷ-ಕಿರಣವೊಂದೇ ಅಲ್ಲ, ಒಳಗನ್ನು ನೋಡಲು ಬೇರೆ ದಾರಿಗಳೂ ಇವೆ. ಸಿ.ಟಿ. ಸ್ಕ್ಯಾನ್ ಕೂಡ ಕ್ಷ-ಕಿರಣದ್ದೇ. ಎರಡು ದಿಕ್ಕಿನ ಬದಲು ಸುತ್ತಲೂ ನೂರಾರು ದಿಕ್ಕಿನಿಂದ ನೆರಳು ಹಿಡಿದು, ಅವನ್ನೆಲ್ಲ ಕಂಪ್ಯೂಟರ್ ಲೆಕ್ಕ ಹಾಕಿ, ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ ದೇಹದ ಒಳಭಾಗ ತೋರಿಸುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ ಮೊದಲ ರೋಗಿಯ ಮಿದುಳನ್ನು ನೋಡಿದ್ದು 1971ರಲ್ಲಿ. ಇದರಲ್ಲಿ ಕಿರಣದ ಪ್ರಮಾಣ ಸಾಮಾನ್ಯ ಎಕ್ಸ್-ರೇಗಿಂತ ಬಹಳ ಹೆಚ್ಚು. ಅದರಿಂದಲೇ ಅಗತ್ಯವಿದ್ದಾಗ ಮಾತ್ರ ಮಾಡುತ್ತಾರೆ.

ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಕಿರಣವೇ ಇಲ್ಲ, ಇರುವುದು ಶಬ್ದ. ಬಾವಲಿಯ ಹಾಗೆ ಪ್ರತಿಧ್ವನಿ ಕೇಳಿ ಚಿತ್ರ ಕಟ್ಟುತ್ತದೆ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಬಲ್ಲದು, ಈ ಶಬ್ದದಲ್ಲಿ ಕಂಪನಗಳು ಹತ್ತಾರು ಲಕ್ಷ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುವುದು ಏಕೆ ಗೊತ್ತೇ? ಚರ್ಮಕ್ಕೂ ಉಪಕರಣಕ್ಕೂ ನಡುವೆ ಗಾಳಿ ಉಳಿದರೆ ಶಬ್ದ ಅಲ್ಲಿಂದಲೇ ಹಿಂದಿರುಗಿಬಿಡುತ್ತದೆ. ಹುಟ್ಟಲಿರುವ ಮಗುವನ್ನು ನೋಡಲು ಇದೇ ಸಾಧನ. ಅದು ಹೆಣ್ಣೋ ಗಂಡೋ ಎಂದು ಹೇಳುವುದು ಮಾತ್ರ 1994ರ ಕಾನೂನಿನ ಪ್ರಕಾರ ಅಪರಾಧ. ಸ್ಕ್ಯಾನಿಂಗ್ ಕೇಂದ್ರದ ಬಾಗಿಲಲ್ಲಿ ಆ ಫಲಕ ನೀವು ಓದಿರುತ್ತೀರಿ.

ಎಂ.ಆರ್.ಐ. ಯಂತ್ರವೆಂದರೆ ಮನುಷ್ಯ ಒಳಗೆ ಮಲಗುವಷ್ಟು ದೊಡ್ಡ ಅಯಸ್ಕಾಂತ. ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು. ಕಬ್ಬಿಣದ ವಸ್ತುವೇನಾದರೂ ಕೋಣೆಯೊಳಗೆ ಬಂದರೆ ಗುಂಡಿನಂತೆ ಹಾರಿ ಅಂಟಿಕೊಳ್ಳುತ್ತದೆ. "ಪಿನ್ನು, ಕಾಲುಂಗುರ, ಬೀಗದ ಕೈ, ಏನಾದರೂ ಇದೆಯಾ?" ಎಂದು ಅಲ್ಲಿನ ಟೆಕ್ನಿಷಿಯನ್ ಮೂರು ಸಲ ಕೇಳಿದರೆ ಬೇಸರಿಸಬೇಡಿ. ರೋಗಿ ಮರೆತದ್ದನ್ನು ಅವರು ನೆನಪಿಸಬೇಕು.

ಈ ಕೆಲಸಕ್ಕೆ ವಿಜ್ಞಾನ ಓದಿ, ಆಮೇಲೆ ಇಮೇಜಿಂಗ್ ವಿಷಯದಲ್ಲಿ ಡಿಪ್ಲೊಮಾ ಅಥವಾ ಬಿ.ಎಸ್ಸಿ. ಮಾಡಬೇಕು. ಚಿತ್ರ ಓದಿ ರೋಗ ಹೇಳುವ ರೇಡಿಯಾಲಜಿಸ್ಟ್ ಆಗಲು ವೈದ್ಯಕೀಯ ಪದವಿಯ ಮೇಲೆ ಮತ್ತೆ ಓದು. ಆ ದಿನ ಹುಡುಗಿ "ಸಾರ್, ನನ್ನ ಮೂಳೆ ಮುರಿದಿದೆಯಾ?" ಎಂದು ಕೇಳಿದಾಗ ನಮ್ಮ ಟೆಕ್ನಿಷಿಯನ್, "ಅದನ್ನ ಡಾಕ್ಟರು ಹೇಳ್ತಾರೆ ಪುಟ್ಟಿ, ನಾನು ಹೇಳಬಾರದು. ನೀನು ಅಲ್ಲಾಡದೆ ಕೂತಿದ್ದಕ್ಕೆ ಚಿತ್ರ ಮಾತ್ರ ಚೆನ್ನಾಗಿ ಬಂದಿದೆ" ಎಂದಿದ್ದರು. ಕೆಲವು ವಾರಗಳ ನಂತರ ಪಟ್ಟಿ ಬಿಚ್ಚಿದರು. ಮುಂದಿನ ಬಾರಿ ಆ ಶಾಲೆಗೆ ಹೋದಾಗ ಲೋಟ ಮತ್ತು ಟಾರ್ಚಿನ ಪ್ರಯೋಗವನ್ನು ಅವಳಿಂದಲೇ ಮಾಡಿಸಿದೆ.

ಮಾಡಿ ನೋಡಿ

ನಿಮ್ಮ ಮನೆಯ ಬೀರುವಿನ ಮೇಲೋ ಟ್ರಂಕಿನಲ್ಲೋ ಹಳೆಯ ಎಕ್ಸ್-ರೇ ಫಿಲ್ಮ್ ಇದ್ದರೆ ಹಿರಿಯರನ್ನು ಕೇಳಿ ತನ್ನಿ. ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸೂರ್ಯನ ಕಡೆ ಹಿಡಿದು ನೋಡಬೇಡಿ, ಗ್ರಹಣ ನೋಡಲಂತೂ ಅದನ್ನು ಬಳಸಲೇಬೇಡಿ, ಕಣ್ಣಿಗೆ ಹಾನಿ. ಮೂಲೆಯಲ್ಲಿ ಒಂದು ಬಿಳಿಯ ಇಂಗ್ಲಿಷ್ ಅಕ್ಷರ ಹುಡುಕಿ. 'ಆರ್' ಇದ್ದರೆ ಬಲಭಾಗ, 'ಎಲ್' ಇದ್ದರೆ ಎಡಭಾಗ. ಅದು ಸೀಸದಿಂದ ಮಾಡಿದ ಅಕ್ಷರದ ನೆರಳಾಗಿರಬಹುದು, ಎಡ ಬಲ ಅದಲುಬದಲಾಗದಿರಲೆಂದು ಟೆಕ್ನಿಷಿಯನ್ ಕೈಯಾರೆ ಇಟ್ಟದ್ದು. ಎದೆಯ ಚಿತ್ರವಾದರೆ ಹೃದಯದ ನೆರಳು ಯಾವ ಕಡೆಗೆ ವಾಲಿದೆ, ಉಸಿರು ತುಂಬಿದ ಶ್ವಾಸಕೋಶದ ಮೇಲೆ ಎಷ್ಟು ಪಕ್ಕೆಲುಬು ಎಣಿಸಬಹುದು ಎಂದು ನೋಡಿ ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಚಿತ್ರ ಬರೆಯಿರಿ. ಕೈಯ ಚಿತ್ರವಾದರೆ ಅದರ ಜೋಡಿ ಚಿತ್ರ, ಅಡ್ಡಕ್ಕೆ ತೆಗೆದದ್ದು, ಅದೇ ಕವರಿನಲ್ಲಿದೆಯೇ ಹುಡುಕಿ.